ನಿನ್ನ ಮೊದಲ ಹಡಗಿಗೆ

ಡೊಂಬಿವಲಿ
ಭಾನುವಾರ ರಾತ್ರಿ

ಮುದ್ದಿನ ಮಗಳಿಗೆ ಅಮ್ಮನ ಆಶೀರ್ವಾದಗಳು.

"ಅಮ್ಮಾ, ಮರದ ಮಾದರಿ ಹಡಗಿನ ಪೆಟ್ಟಿಗೆ ಬಂತು. ತೆರೆದು ನೋಡಿ ಹೆದರಿಕೆಯಾಗಿ ಹಾಗೇ ಮುಚ್ಚಿಟ್ಟೆ" ಎಂದು ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆಗಲೇ ಈ ಕಾಗದ ಬರೆಯಬೇಕು ಅಂದುಕೊಂಡೆ. ಫೋನಿನಲ್ಲಿ ಹೇಳಿದರೆ ನೀನು ಹ್ಞೂಂ ಹ್ಞೂಂ ಅನ್ನುತ್ತೀ, ಕೈಯಲ್ಲಿ ಮರ ಹಿಡಿದ ಹೊತ್ತಿಗೆ ಒಂದೂ ನೆನಪಿರುವುದಿಲ್ಲ. ಇದನ್ನು ಮೇಜಿನ ಮೇಲೆ ಇಟ್ಟುಕೊಂಡು ಕೆಲಸ ಮಾಡುತ್ತಾ ಓದು.

ಕೂವೆ, ಅಂದರೆ ಹಾಯಿ ಕಟ್ಟುವ ಕಂಬ, ಒಂದೇ ಇರುವ ಕಟರ್ ಎಂಬ ಸಣ್ಣ ಹಡಗನ್ನು ನೀನು ಆರಿಸಿಕೊಂಡದ್ದು ನನಗೆ ದೊಡ್ಡ ಸಮಾಧಾನ. ಮೂರು ಕೂವೆಯ, ಎಪ್ಪತ್ತನಾಲ್ಕು ತೋಪಿನ ಯುದ್ಧನೌಕೆಯ ಚಿತ್ರ ಕಂಡರೆ ಯಾರ ಮನಸ್ಸಾದರೂ ಅತ್ತ ಓಡುತ್ತದೆ, ನನ್ನದೂ ಓಡಿತ್ತು. ಆದರೆ ಅಲ್ಲಿ ಒಂದೇ ಕೆಲಸವನ್ನು ಎಪ್ಪತ್ತನಾಲ್ಕು ಸಲ ಮಾಡಬೇಕು. ಮೊದಲ ಹಡಗಿಗೆ ಅದು ಬೇಡ. ನನ್ನದು ಎರಡು ಕೂವೆಯ ಸ್ಕೂನರ್, ಪೈಲಟ್ ದೋಣಿ. ಬಂದರಿಗೆ ಬರುವ ಹಡಗಿಗೆ ದಾರಿ ತೋರಿಸುವ ಪೈಲಟ್‌ನನ್ನು ಸಮುದ್ರಕ್ಕೆ ಒಯ್ಯುತ್ತಿದ್ದ ದೋಣಿ. ಯಾವ ಪೈಲಟ್ ಮೊದಲು ತಲುಪುತ್ತಾನೋ ಸಂಬಳ ಅವನಿಗೆ, ಹಾಗಾಗಿ ವೇಗವೇ ಅದರ ಜೀವ. ತೋಪಿಲ್ಲ, ಕೆತ್ತನೆಯಿಲ್ಲ, ಬರೀ ಒಡಲಿನ ಚಂದ. ಅಷ್ಟಕ್ಕೇ ನನಗೆ ಹದಿನಾಲ್ಕು ತಿಂಗಳು ಹಿಡಿಯಿತು.

ಮೊದಲ ಎರಡು ದಿನ ಏನನ್ನೂ ಕತ್ತರಿಸಬೇಡ ಮಗಾ. ನಕ್ಷೆಯನ್ನು ಗೋಡೆಗೆ ಅಂಟಿಸಿ ದಿನಾ ನೋಡು. ಪ್ಲೈವುಡ್ ಹಾಳೆಯಲ್ಲಿರುವ ಪ್ರತಿ ತುಂಡಿಗೂ ಬಿಡಿಸುವ ಮೊದಲೇ ಪೆನ್ಸಿಲ್‌ನಿಂದ ನಂಬರ್ ಬರೆ. ಬಿಡಿಸಿದ ಮೇಲೆ ಆರನೆಯದೂ ಏಳನೆಯದೂ ಅವಳಿಜವಳಿಯ ಹಾಗೆ ಕಾಣುತ್ತವೆ. ಒಂದು ರಟ್ಟಿನ ತುಂಡಿನಲ್ಲಿ ಪುಟ್ಟ ಮನುಷ್ಯನ ಆಕಾರವನ್ನೂ ಕತ್ತರಿಸಿಟ್ಟುಕೋ. ನಿನ್ನ ಹಡಗು 1:64 ಅಳತೆಯದು ಅಂದೆ, ಅಂದರೆ ನನ್ನಷ್ಟು ಎತ್ತರದವಳು ಅಲ್ಲಿ ಎರಡೂವರೆ ಸೆಂಟಿಮೀಟರ್ ಆಗುತ್ತಾಳೆ. ಅವಳನ್ನು ಡೆಕ್ ಮೇಲೆ ನಿಲ್ಲಿಸಿ ನೋಡುತ್ತಿರು. ಕಟಕಟೆ ಅವಳ ಕುತ್ತಿಗೆಗೆ ಬಂದರೆ ಎಲ್ಲೋ ತಪ್ಪಿದ್ದೀ ಎಂದು ಆಗಲೇ ಗೊತ್ತಾಗುತ್ತದೆ.

ಸಾಮಾನು ಜಾಸ್ತಿ ಬೇಡ. ಮೆಡಿಕಲ್ ಅಂಗಡಿಯಲ್ಲಿ ಸರ್ಜನ್‌ಗಳ ಮೂರನೇ ನಂಬರ್ ಹಿಡಿಕೆ, ಹನ್ನೊಂದನೇ ನಂಬರ್ ಬ್ಲೇಡ್ ಕೇಳು. ಸಣ್ಣ ಅರಗಳನ್ನು ನಾನು ಮಸ್ಜಿದ್ ಬಂದರ್ ಪಕ್ಕದ ನಾಗದೇವಿ ಸ್ಟ್ರೀಟ್‌ನಿಂದ ತಂದೆ, ನಿನಗೂ ಒಂದು ಸೆಟ್ ಈ ಪಾರ್ಸೆಲ್‌ನಲ್ಲಿ ಇಟ್ಟಿದ್ದೇನೆ. ಬಟ್ಟೆ ಕ್ಲಿಪ್ ಎರಡು ಡಜನ್, ಫೆವಿಕಾಲ್, ಮೂರು ತರದ ಸ್ಯಾಂಡ್‌ಪೇಪರ್, ಇಷ್ಟೇ. ಫೆವಿಕ್ವಿಕ್ ಹತ್ತಿರ ಇರಲಿ, ಆದರೆ ಒಡಲಿಗೆ ಅದನ್ನು ಬಳಸಬೇಡ. ಅದು ಒಮ್ಮೆ ಹಿಡಿದರೆ ತಿದ್ದಲು ಬಿಡುವುದಿಲ್ಲ. ಫೆವಿಕಾಲ್ ಹಾಗಲ್ಲ, ಹತ್ತು ನಿಮಿಷ ಯೋಚಿಸಲು ಬಿಡುತ್ತದೆ.

ಇನ್ನು ಕೀಲ್, ಅಂದರೆ ಹಡಗಿನ ಬೆನ್ನೆಲುಬು. ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ತುದಿಯಿಂದ ತುದಿಗೆ ನೋಡು. ಬಡಗಿಗಳು ಬಾಗಿಲ ಚೌಕಟ್ಟನ್ನು ನೋಡುತ್ತಾರಲ್ಲ, ಹಾಗೆ. ಸ್ವಲ್ಪ ಸೊಟ್ಟ ಕಂಡರೂ ಒದ್ದೆ ಬಟ್ಟೆಯಿಂದ ಒರೆಸಿ, ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಮಲಗಿಸಿ, ಮೇಲೆ ಭಾರ ಹೇರಿ ಎರಡು ದಿನ ಬಿಡು. ಪಕ್ಕೆಲುಬಿನ ಹಾಗೆ ಅಡ್ಡ ನಿಲ್ಲುವ ತುಂಡುಗಳಿಗೆ ನಕ್ಷೆಯಲ್ಲಿ ಬಲ್ಕ್‌ಹೆಡ್ ಎಂದು ಬರೆದಿರುತ್ತದೆ. ಅವು ಕೀಲ್‌ಗೆ ನೆಟ್ಟಗೆ ನಿಲ್ಲಬೇಕು. ನಿನ್ನ ಹಳೆಯ ಲೆಗೋ ಇಟ್ಟಿಗೆಗಳನ್ನು ಎರಡೂ ಬದಿಗೆ ಒತ್ತು ಕೊಟ್ಟು ನಾನು ನಿಲ್ಲಿಸಿದೆ. ಅವೂ ಈ ಪಾರ್ಸೆಲ್‌ನಲ್ಲಿವೆ.

ಈಗ ಹಲಗೆ ಹೊದಿಸುವುದು. ನಾನು ಕಾಗದ ಬರೆಯಲು ಕೂತದ್ದೇ ಇದಕ್ಕಾಗಿ.

ಹಲಗೆ ಮೈಯೆಲ್ಲ ಸರಿಯಾಗಿ ಕೂರಬೇಕಾದರೆ ಪ್ರತಿ ಪಕ್ಕೆಲುಬಿನ ಅಂಚನ್ನೂ ಓರೆಯಾಗಿ ಉಜ್ಜಬೇಕು. ಹಡಗು ಮೂತಿಯ ಕಡೆ ಕಿರಿದಾಗುತ್ತಾ ಹೋಗುತ್ತದೆ, ಚೌಕ ಅಂಚು ಬಿಟ್ಟರೆ ಹಲಗೆ ಒಂದು ಮೂಲೆಯನ್ನಷ್ಟೇ ಮುಟ್ಟುತ್ತದೆ. ಹಲಗೆಯಾಗುವ ಮರದ ಪಟ್ಟಿಯೊಂದನ್ನು ಮೂತಿಯಿಂದ ಹಿಂಭಾಗದವರೆಗೆ ಬಾಗಿಸಿ ಹಿಡಿದು ನೋಡು. ಎಲ್ಲೂ ಉಬ್ಬದೆ, ಎಲ್ಲೂ ಬೆಳಕು ತೂರದೆ ಕೂತರೆ ಸರಿ. ನಾನು ಇದಕ್ಕೆ ಒಂದು ಮಧ್ಯಾಹ್ನ ಕೊಟ್ಟೆ. ಒಂದು ವಾರ ಕೊಡಬೇಕಿತ್ತು.

ಆಮೇಲೆ ಲೆಕ್ಕ. ನನ್ನ ಹಡಗಿನ ನಡುವಿನ ಪಕ್ಕೆಲುಬಿನ ಸುತ್ತಳತೆ ಒಂದು ಬದಿಗೆ 80 ಮಿಲಿಮೀಟರ್. ಪಟ್ಟಿಯ ಅಗಲ 5. ಅಲ್ಲಿಗೆ ಹದಿನಾರು ಹಲಗೆ. ಆದರೆ ಮೂತಿಯ ಹತ್ತಿರ ಅಳೆದರೆ 48 ಮಾತ್ರ. ಅಲ್ಲೂ ಅದೇ ಹದಿನಾರು ಹಲಗೆ ಹಿಡಿಸಬೇಕು, ಅಂದರೆ ಪ್ರತಿಯೊಂದೂ 5ರಿಂದ ಶುರುವಾಗಿ ಮೂತಿಯಲ್ಲಿ 3 ಆಗಬೇಕು. ಇದು ನನಗೆ ತಟ್ಟನೆ ಹೊಳೆದದ್ದು ಲಂಗ ಹೊಲಿದ ಅಭ್ಯಾಸದಿಂದ. ಸೊಂಟದಲ್ಲಿ ಕಿರಿದು, ಕೆಳಗೆ ಅಗಲ, ತುಂಡುಗಳ ಸಂಖ್ಯೆ ಮಾತ್ರ ಒಂದೇ. ಪಟ್ಟಿಯನ್ನು ಅರ್ಧ ಅಗಲಕ್ಕಿಂತ ಸಣ್ಣ ಮಾಡಬೇಡ. ಹಾಗೆ ಮಾಡಬೇಕಾಗಿ ಬಂದರೆ ಒಂದು ಹಲಗೆಯನ್ನು ನಡುವೆಯೇ ನಿಲ್ಲಿಸಿ ಪಕ್ಕದ್ದಕ್ಕೆ ಜಾಗ ಕೊಡು.

ಪಟ್ಟಿಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸು. ನೆನೆದದ್ದನ್ನು ಇಸ್ತ್ರಿಪೆಟ್ಟಿಗೆಯ ಮೂಗಿನ ಮೇಲೆ ನಿಧಾನ ಎಳೆದರೆ ಅದು ತಾನಾಗಿ ಬಾಗುತ್ತದೆ. ಬೆರಳಿಗೆ ಅದು ಸೋತ ಕ್ಷಣ ಗೊತ್ತಾಗುತ್ತದೆ ಮಗಾ, ಬಿರುಸಾಗಿದ್ದದ್ದು ಒಮ್ಮೆಗೇ ಮೆತ್ತಗಾಗಿ ಕೈಯ ಜೊತೆ ಬರುತ್ತದೆ. ಅದನ್ನು ಕ್ಲಿಪ್ ಹಾಕಿ ಹಡಗಿನ ಮೇಲೆಯೇ ಒಣಗಲು ಬಿಡು. ಪೂರ್ತಿ ಒಣಗಿದ ಮೇಲೆಯೇ ಅಂಟು. ಒದ್ದೆ ಪಟ್ಟಿ ಅಂಟಿಸಿದರೆ ಒಣಗುವಾಗ ಕುಗ್ಗಿ ಸಂದಿ ಬಿಡುತ್ತದೆ. ಇಲ್ಲಿ ಮಳೆಗಾಲದಲ್ಲಿ ಒಂದು ಪಟ್ಟಿ ಒಣಗಲು ಎರಡು ದಿನ ತೆಗೆದುಕೊಂಡದ್ದೂ ಇದೆ. ಪುಣೆಯ ಗಾಳಿಯಲ್ಲಿ ನಿನಗೆ ಒಂದು ರಾತ್ರಿ ಸಾಕಾದೀತು.

ಮುಖ್ಯವಾದ ಮಾತು: ಎಡಕ್ಕೆ ಒಂದು ಹಾಕಿದರೆ ಬಲಕ್ಕೆ ಒಂದು ಹಾಕಲೇಬೇಕು. ನಾನು ಹಾಗೆ ಮಾಡಲಿಲ್ಲ. ಎಡಬದಿ ಕೈಗೆ ಅನುಕೂಲವಾಗಿತ್ತು, ಕೆಲಸ ಓಡುತ್ತಿತ್ತು, ಒಂದೇ ವಾರದಲ್ಲಿ ಐದು ಹಲಗೆ ಅಂಟಿಸಿಬಿಟ್ಟೆ. ಒಂದು ಬೆಳಿಗ್ಗೆ ನಿನ್ನಪ್ಪ ಚಹಾ ಲೋಟ ಹಿಡಿದು ಹಿಂದಿನಿಂದ ನೋಡಿ, "ಇದರ ಬೆನ್ನು ಸೊಟ್ಟ ಆಗಿದೆಯಲ್ಲ" ಅಂದರು. ಅಳತೆ ಹಿಡಿದೆ. ಹಿಂತುದಿಯಲ್ಲಿ ಮೂರು ಮಿಲಿಮೀಟರ್ ಎಡಕ್ಕೆ ಎಳೆದುಕೊಂಡಿತ್ತು. ಐದು ಹಲಗೆಗಳ ಎಳೆತಕ್ಕೆ ಎದುರು ಎಳೆಯುವವರು ಯಾರೂ ಇರಲಿಲ್ಲ.

ಆ ದಿನ ನಾನು ಅತ್ತುಬಿಟ್ಟೆ. ನಿನಗೆ ಹೇಳಿರಲಿಲ್ಲ. ಎರಡು ವಾರ ಅದನ್ನು ಕಪಾಟಿನ ಮೇಲೆ ಇಟ್ಟು ಮುಟ್ಟಲಿಲ್ಲ. ಮತ್ತೆ ಇಳಿಸಿ, ಮೆಡಿಕಲ್ ಅಂಗಡಿಯಿಂದ ಐಸೋಪ್ರೊಪೈಲ್ ಆಲ್ಕೋಹಾಲ್ ತಂದು, ಹತ್ತಿಯನ್ನು ಅದರಲ್ಲಿ ಅದ್ದಿ ಅಂಟಿನ ಗೆರೆಯ ಮೇಲೆ ಇಟ್ಟೆ. ಕಾಲು ಗಂಟೆಯಲ್ಲಿ ಅಂಟು ಹಾಲಿನ ಕೆನೆಯ ಹಾಗೆ ಬೆಳ್ಳಗೆ ಮೆತ್ತಗಾಯಿತು. ಬ್ಲೇಡಿನ ಬೆನ್ನು ತೂರಿಸಿ ಒಂದೊಂದೇ ಹಲಗೆ ಬಿಡಿಸಿದೆ. ಐದರಲ್ಲಿ ಮೂರು ಮುರಿಯದೆ ಬಂದವು. ಆ ಮೂರೂ ಈಗ ಹಡಗಿನಲ್ಲೇ ಇವೆ, ಅಕ್ರೋಟು ಮರದ ಎರಡನೇ ಹೊದಿಕೆಯ ಅಡಿಯಲ್ಲಿ. ಯಾರಿಗೂ ಕಾಣುವುದಿಲ್ಲ. ನನಗೆ ಮಾತ್ರ ಅವು ಎಲ್ಲಿವೆ ಎಂದು ಗೊತ್ತು.

ಒಳಗಿನ ಹೊದಿಕೆ ಹೇಗಿದ್ದರೇನು, ಮೇಲೆ ಮುಚ್ಚುತ್ತದಲ್ಲ ಎಂದು ಹೇಳುವವರಿದ್ದಾರೆ. ಅವರ ಮಾತು ಕೇಳಬೇಡ. ಮೇಲಿನ ಪಟ್ಟಿ ಅರ್ಧ ಮಿಲಿಮೀಟರ್ ದಪ್ಪ, ಒಳಗಿನ ಒಂದೊಂದು ಉಬ್ಬನ್ನೂ ತಗ್ಗನ್ನೂ ಅದು ಹೊರಗೆ ತೋರಿಸುತ್ತದೆ.

ಈ ಕೆಲಸ ನಡೆಯುವಾಗ ಅಜ್ಜಯ್ಯ ದಿನಾ ನೆನಪಾಗುತ್ತಿದ್ದರು. ಅವರು ಗಂಗೊಳ್ಳಿಯಿಂದ ಹಂಚು ಹೇರಿಕೊಂಡು ಮುಂಬಯಿಗೆ ಬರುವ ಮಂಜಿ ಎಂಬ ಹಾಯಿಹಡಗಿನಲ್ಲಿ ಕಲಾಸಿ, ಅಂದರೆ ಹಡಗಿನ ಆಳು, ಆಗಿದ್ದವರು ಎಂದು ನಿನಗೆ ಗೊತ್ತು. ಮಳೆಗಾಲಕ್ಕೆ ಮಂಜಿಯನ್ನು ದಡಕ್ಕೆ ಎಳೆದು ತೆಂಗಿನ ಮಡಲು ಹೊದಿಸಿಟ್ಟಾಗ ಮಾತ್ರ ಅವರು ಮನೆಯಲ್ಲಿ ಇರುತ್ತಿದ್ದರು. ಹಲಗೆಗಳ ಸಂದಿ ತಡವುತ್ತಾ ಅದರ ಸುತ್ತ ನಡೆಯುತ್ತಿದ್ದರು. ಅವರು ಏನು ಹುಡುಕುತ್ತಿದ್ದರು ಎಂದು ನನ್ನ ಬೆರಳಿಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಹಡಗಿನ ಫೋಟೋ ನಿನಗೆ ಕಳಿಸಿದ್ದೆನಲ್ಲ? ಗೋವಾದಲ್ಲಿ ಕಟ್ಟಿದ್ದು, ಅಜಂತಾದ ಗೋಡೆಚಿತ್ರದಲ್ಲಿರುವ ಹಡಗನ್ನು ನೋಡಿ. ಅದರ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಹೊಲಿಗೆಯಲ್ಲಿ ಕಳೆದ ನನ್ನ ಕೈಗಳಿಗೆ ಅದನ್ನು ಒಮ್ಮೆ ಮುಟ್ಟಿ ನೋಡುವ ಆಸೆ ಇದೆ.

ಇನ್ನೊಂದು ವಿಷಯ. ಮೂವತ್ತೊಂದು ವರ್ಷ ನಾನು ವಿಟಿ ಸ್ಟೇಷನ್‌ನಲ್ಲಿ ಇಳಿದು ಫೋರ್ಟ್‌ನ ಆಫೀಸಿಗೆ ನಡೆದವಳು, ಲಯನ್ ಗೇಟ್ ಪಕ್ಕದ ಆ ಉದ್ದ ಗೋಡೆಯ ಗುಂಟ. ಗೋಡೆಯ ಆಚೆ ನೇವಿಯವರ ಡಾಕ್‌ಯಾರ್ಡ್ ಇದೆ ಎಂದಷ್ಟೇ ಗೊತ್ತಿತ್ತು. 1736ರಲ್ಲಿ ಸೂರತ್‌ನಿಂದ ಬಂದ ಲವ್ಜಿ ನುಸ್ಸೆರ್ವಾಂಜಿ ವಾಡಿಯಾ ಎಂಬ ಬಡಗಿಯ ಮನೆತನ ತಲೆಮಾರುಗಟ್ಟಲೆ ಅಲ್ಲಿ ಹಡಗು ಕಟ್ಟಿತು ಎಂದು ತಿಳಿದದ್ದು ನಿವೃತ್ತಿಯ ನಂತರ, ನನ್ನ ಸ್ಕೂನರ್ ಅರ್ಧ ಆದಾಗ. ಅವರ ವಂಶದ ಜಮ್ಶೆಡ್ಜಿ ಬೊಮನ್‌ಜಿ ಮಲಬಾರಿನ ತೇಗದಲ್ಲಿ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ 1817ರ ಅಕ್ಟೋಬರ್ 12ರಂದು ಇದೇ ಮುಂಬಯಿಯಲ್ಲಿ ನೀರಿಗಿಳಿಯಿತು. ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಓಕ್ ಮರದ ಹುಳಿ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ, ತೇಗದ ಎಣ್ಣೆ ಅದನ್ನು ಕಾಯುತ್ತದೆ. ಟ್ರಿಂಕೋಮಲಿ ಕಟ್ಟಲು ಇಂಗ್ಲೆಂಡಿನಿಂದ ಕಳಿಸಿದ ಮೊದಲ ನಕ್ಷೆಗಳು 1812ರಲ್ಲಿ ಜಾವಾ ಎಂಬ ಹಡಗಿನ ಜೊತೆ ಸಮುದ್ರದ ಪಾಲಾದವಂತೆ, ಎರಡನೇ ಸಲ ಬರೆಸಿ ಕಳಿಸಬೇಕಾಯಿತು. ನಿನ್ನ ನಕ್ಷೆಗೂ ಒಂದು ಜೆರಾಕ್ಸ್ ಮಾಡಿಸಿಡು. ಕತ್ತರಿಸುವುದು, ಗುರುತು ಹಾಕುವುದು ಎಲ್ಲ ಅದರ ಮೇಲೆಯೇ ಆಗಲಿ.

1816ರಲ್ಲಿ ಕೆಲಸ ಶುರುವಾದಾಗ ಟ್ರಿಂಕೋಮಲಿಯ ಕೀಲ್‌ಗೆ ಅವರು ಬೆಳ್ಳಿಯ ಮೊಳೆಯೊಂದನ್ನು ಹೊಡೆದರು. ಪಾರ್ಸಿಗಳ ಪದ್ಧತಿ, ಹಡಗಿಗೆ ಒಳ್ಳೆಯದಾಗಲಿ ಎಂದು. ಅದನ್ನು ಓದಿದ ರಾತ್ರಿ ನಾನು ಬೀರು ತೆಗೆದು ನಿನ್ನ ಕಾಲ್ಗೆಜ್ಜೆಯ ಡಬ್ಬಿ ಹುಡುಕಿದೆ. ನಿನ್ನ ಮೊದಲ ಹುಟ್ಟುಹಬ್ಬಕ್ಕೆ ಅಜ್ಜಯ್ಯ ತಂದದ್ದು, ಕುಂದಾಪುರದಲ್ಲಿ ಮಾಡಿಸಿದ್ದು. ಸರಪಳಿ ಕಡಿದು ಎಷ್ಟೋ ವರ್ಷವಾಗಿತ್ತು. ಆ ವಿಷಯ ಕೊನೆಗೆ ಬರೆಯುತ್ತೇನೆ.

ಡೆಕ್ ಸುಲಭ. ಪ್ರತಿ ಪಟ್ಟಿಯ ಅಂಚಿಗೆ ಮೆತ್ತನೆಯ ಪೆನ್ಸಿಲ್ ಉಜ್ಜಿ ಜೋಡಿಸಿದರೆ ಸಂದಿಗೆ ಡಾಮರು ಮೆತ್ತಿದ ಹಾಗೆ ಸಣ್ಣ ಕಪ್ಪು ಗೆರೆ ಬರುತ್ತದೆ. ಕೂವೆಯನ್ನು ತುದಿಯ ಕಡೆ ಸಣ್ಣ ಮಾಡುವಾಗ ಒಂದೇ ಕಡೆ ಉಜ್ಜಬೇಡ, ತಿರುಗಿಸುತ್ತಾ ಉಜ್ಜು. ಬಣ್ಣ ನಿನ್ನಿಷ್ಟ. ನಾನಾದರೆ ಅಕ್ರೋಟು ಮರಕ್ಕೆ ಬಣ್ಣ ಬಳಿಯುವುದಿಲ್ಲ, ಎಣ್ಣೆ ಒರೆಸಿದರೆ ಅದರ ಎಳೆಗಳೇ ಸಾಕು.

ಹಗ್ಗದ ಕೆಲಸ ನಿನಗೆ ಇಷ್ಟವಾಗುತ್ತದೆ. ದಾರವನ್ನು ಜೇನುಮೇಣದ ಮೇಲೆ ಎರಡು ಸಲ ಎಳೆ, ನಾರು ಕೂತು ನುಣುಪಾಗುತ್ತದೆ. ಕೂವೆಯನ್ನು ಎರಡೂ ಬದಿಯಿಂದ ಹಿಡಿದು ನಿಲ್ಲಿಸುವ ಹಗ್ಗಗಳನ್ನೂ ಹಲಗೆಯ ಹಾಗೆಯೇ ಎಡಕ್ಕೊಂದು ಬಲಕ್ಕೊಂದು ಕಟ್ಟು. ಬಿಗಿಯಾಗಿ ಎಳೆಯಬೇಡ. "ನೀರು ಕುಡಿದ ಹಗ್ಗ ಗಿಡ್ಡ ಆಗುತ್ತದೆ" ಎಂದು ಅಜ್ಜಯ್ಯ ಹೇಳುತ್ತಿದ್ದರು. ಮಳೆ ಕಂಡರೆ ಮೊದಲು ಹಗ್ಗ ಸಡಿಲಿಸುತ್ತಿದ್ದರಂತೆ. ನಾನು ಡಿಸೆಂಬರಿನಲ್ಲಿ ವೀಣೆಯ ತಂತಿಯ ಹಾಗೆ ಬಿಗಿದ ಹತ್ತಿಯ ದಾರ ಜುಲೈ ಬಂದಾಗ ಮುಂದಿನ ಕೂವೆಯನ್ನು ಬಿಲ್ಲಿನ ಹಾಗೆ ಬಗ್ಗಿಸಿತು. ಬಿಚ್ಚಿ ಮತ್ತೆ ಕಟ್ಟಿದೆ. ನೇರ ನಿಂತರೆ ಸಾಕು, ಬೆರಳಿಂದ ಒತ್ತಿದರೆ ಸ್ವಲ್ಪ ಜಗ್ಗಬೇಕು. ಆ ಹಗ್ಗಗಳ ನಡುವೆ ಏಣಿಯ ಮೆಟ್ಟಿಲ ಹಾಗೆ ಕಟ್ಟುವ ಗಂಟುಗಳನ್ನು ಒಂದು ದಿನಕ್ಕೆ ಹತ್ತು ಸಾಲಿಗಿಂತ ಹೆಚ್ಚು ಕಟ್ಟಬೇಡ, ಕಣ್ಣು ಸೋತರೆ ಸಾಲು ಇಳಿಜಾರಾಗುತ್ತದೆ. ಹಾಯಿ ನಾನು ಕಟ್ಟಿಲ್ಲ. ಹಾಯಿ ಬಂದರೆ ಹಗ್ಗವೆಲ್ಲ ಮರೆಯಾಗುತ್ತದೆ, ನನಗೆ ಹಗ್ಗ ಕಾಣಬೇಕಿತ್ತು.

ಈಗ ಆ ಡಬ್ಬಿಯ ವಿಷಯ. ಗೆಜ್ಜೆಯಲ್ಲಿ ಎರಡೇ ಬೆಳ್ಳಿ ಮಣಿ ಉಳಿದಿದ್ದವು. ಒಂದನ್ನು ನನ್ನ ಹಡಗಿನ ಒಳಗೆ, ಕೀಲ್‌ಗೆ ತಾಗಿಸಿ, ಮೂರನೇ ಮತ್ತು ನಾಲ್ಕನೇ ಪಕ್ಕೆಲುಬಿನ ನಡುವೆ ಒಂದು ಹನಿ ಅಂಟಿನಲ್ಲಿ ಕೂರಿಸಿ, ಅದರ ಮೇಲೆ ಹಲಗೆ ಮುಚ್ಚಿದೆ. ಇನ್ನೊಂದು ಈ ಕಾಗದದ ಜೊತೆ ಹತ್ತಿಯಲ್ಲಿ ಸುತ್ತಿದೆ, ಲೆಗೋ ಡಬ್ಬಿಯೊಳಗೆ ನೋಡು. ತುಂಬ ಸಣ್ಣದು, ಹತ್ತಿ ಬಿಚ್ಚುವಾಗ ಕೆಳಗೆ ತಟ್ಟೆ ಇಟ್ಟುಕೋ. ಕೀಲ್ ಪಕ್ಕದ ಕೊನೆಯ ಹಲಗೆ ಮುಚ್ಚುವ ಮೊದಲು ಅದನ್ನು ಒಳಗೆ ಇಡು. ಮುಚ್ಚಿದ ಮೇಲೆ ಫೋನ್ ಮಾಡು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ
ಅಮ್ಮ