ಬನ ಕಡಿದು ಚೌಡಿಗೆ ಗುಡಿಯೇ?

ಮಾನ್ಯ ಸಂಪಾದಕರೇ,

ಬೇಡ್ತಿ–ವರದಾ ನದಿ ಜೋಡಣೆಯನ್ನು ವಿರೋಧಿಸಿ ಸೋಂದಾ ಸ್ವರ್ಣವಲ್ಲಿ ಮಠದ ಶ್ರೀಗಳ ನೇತೃತ್ವದಲ್ಲಿ ನಡೆದ ಸಭೆಗೆ ಶಿರಸಿ ಸೀಮೆಯ ನಮ್ಮ ಊರಿನಿಂದಲೂ ಜೀಪು ಮಾಡಿಕೊಂಡು ಹೋಗಿದ್ದೆವು. ಅದೇ ನಾವು, ಊರು ಕಾಯುವ ದೇವಿ ಚೌಡಿಯ ಬನದ, ಅಂದರೆ ದೇವರಕಾಡಿನ, ಮರಗಳು ಗುಡಿಯ ಹೆಸರಿನಲ್ಲಿ ಉರುಳುವಾಗ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ ಎಂಬುದನ್ನು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಬನವೆಂದರೆ ಅರ್ಧ ಎಕರೆಯೂ ಇರಲಿಲ್ಲ. ಹಳೆಯ ರಾಮಪತ್ರೆ ಮರದ ಬುಡದಲ್ಲೊಂದು ಕಲ್ಲು, ಅದರ ಪಕ್ಕದಲ್ಲಿ ತುಕ್ಕು ಹಿಡಿದ ತ್ರಿಶೂಲ, ಅಷ್ಟೆ. ಅಲ್ಲಿಗೆ ಕತ್ತಿ ಒಯ್ಯುವಂತಿರಲಿಲ್ಲ. ಸೊಪ್ಪು ಕೊಯ್ಯುವುದಿರಲಿ, ಕೊಟ್ಟಿಗೆಗೆ ಬೇಕಾದ ದರಕನ್ನೂ (ಒಣ ತರಗೆಲೆ) ಯಾರೂ ಗುಡಿಸಿ ತರುತ್ತಿರಲಿಲ್ಲ. ಆ ದರಕಿನಡಿ ಇಂಗಿದ ಮಳೆನೀರು ಕೆಳಗಿನ ಒರತೆಯಲ್ಲಿ ಜಿನುಗಿ, ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ ಹರಿದು, ಮೂರು ಮನೆಗಳ ಹಿತ್ತಿಲಿಗೆ ಬೇಸಿಗೆಯುದ್ದಕ್ಕೂ ಅಬ್ಬಿ ನೀರಾಗಿ ಬೀಳುತ್ತಿತ್ತು. ಈಗ ಅಲ್ಲಿ ಆರ್‌ಸಿಸಿ ಗುಡಿಯಿದೆ, ಸುತ್ತ ಇಂಟರ್‌ಲಾಕ್ ಹಾಸಿದ್ದಾರೆ. ಈ ಸಲ ಮಾರ್ಚ್ ಮುಗಿಯುವ ಮೊದಲೇ ದಬ್ಬೆ ಒಣಗಿತು.

ಅನುದಾನ ಕೊಡಿಸಿದವರ ಹೆಸರು ಗ್ರಾನೈಟ್ ಫಲಕದಲ್ಲಿ ದೇವಿಯ ಹೆಸರಿಗಿಂತ ದೊಡ್ಡದಾಗಿದೆ. ಅವರ ಪಕ್ಷ ಯಾವುದೆಂಬುದು ಇಲ್ಲಿ ಅಪ್ರಸ್ತುತ, ಬೇರೆಯವರಿದ್ದರೂ ಹೀಗೆಯೇ ಆಗುತ್ತಿತ್ತು. ಗುಡಿ ಕಟ್ಟಿದರೆ ಶಂಕುಸ್ಥಾಪನೆ, ಉದ್ಘಾಟನೆ ಎಂದು ಎರಡು ಸಲ ಹಾರ ಹಾಕಿಸಿಕೊಳ್ಳಬಹುದು. ಇದ್ದ ಮರವನ್ನು ಇದ್ದ ಹಾಗೆ ಬಿಟ್ಟವರಿಗೆ ಹಾರ ಹಾಕುವವರು ಯಾರು? 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿ ಭಾಗದ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ನಿಂತ ಅಪ್ಪಿಕೋ ಚಳವಳಿಯವರ ಎದುರು ಇದ್ದದ್ದು ಗುತ್ತಿಗೆದಾರರ ಕೊಡಲಿ. ನಮ್ಮಲ್ಲಿ ಕೊಡಲಿ ಹಿಡಿದದ್ದು ಊರಿನದೇ ಸಮಿತಿ. ಮರ ಕಡಿಯುವುದು ಬೇಡವೆಂದವನು ದೇವಿಯ ಕೆಲಸಕ್ಕೆ ಅಡ್ಡ ಬಂದವನೆನಿಸಿಕೊಳ್ಳುವ ಭಯದಿಂದ ಸಭೆಯಲ್ಲಿ ಎಲ್ಲರೂ ಚಹಾ ಕುಡಿದು ಎದ್ದುಬಂದೆವು.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಸಸ್ಯಸಂಪತ್ತಿನ ದಾಖಲಾತಿಯೂ ಆಗಬೇಕು. ದೇವರಕಾಡುಗಳಲ್ಲಿನ ಮರಗಳನ್ನು ಎಣಿಸಿ ಅದರಲ್ಲಿ ಬರೆಸಬೇಕು. ಜೀರ್ಣೋದ್ಧಾರಕ್ಕೆ ಸರ್ಕಾರದ ಹಣ ಬಿಡುಗಡೆ ಮಾಡುವ ಮೊದಲು ಈ ಸಮಿತಿಯ ಲಿಖಿತ ಅಭಿಪ್ರಾಯ ಕಡ್ಡಾಯವಾಗಬೇಕು. ಬೇಡ್ತಿಯ ವಿಷಯದಲ್ಲಿ ಮಠ ಆಡಿದ ಮಾತನ್ನು ಊರು ಕೇಳಿದೆ. ಬನಗಳ ವಿಷಯದಲ್ಲಿಯೂ ಶ್ರೀಗಳು ಸಮಿತಿಗಳವರನ್ನು ಕರೆಸಿ ಒಂದು ಮಾತು ಹೇಳಿದರೆ, ಅದು ಇಲಾಖೆಯ ನೋಟಿಸಿಗಿಂತ ಬೇಗ ನಾಟೀತು.

ಬೇಗ ಎನ್ನಲು ಕಾರಣವಿದೆ: ನಮ್ಮಲ್ಲಿ ಎರಡನೆಯ ಹಂತದ ಸುತ್ತುಪೌಳಿಗೆ ಸುಣ್ಣದ ಗೆರೆ ಎಳೆದಾಗಿದೆ, ಉಳಿದ ಎರಡು ರಾಮಪತ್ರೆ ಮರಗಳು ಆ ಗೆರೆಯ ಮೇಲೆಯೇ ಇವೆ.

– ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು