ಸಿ-ಸಿ ಅಲ್ಲ, ಸಿ-ಟೂ-ಬೈ-ಸಿ: ತಡವಾಗಿ ಹೇಳುತ್ತಿರುವ ಥ್ಯಾಂಕ್ಸ್

ಕಳೆದ ವಾರ ನನ್ನ ಪೇಪರ್ ಒಪ್ಪಿಗೆಯಾಯಿತು. ಇದು ಎರಡನೇ ಸಲ ಕಳಿಸಿದ್ದು. ಮೊದಲ ಸಲ ವಾಪಸ್ ಬಂದಾಗ ಯಾರ ಜೊತೆಗೂ ಮಾತಾಡದೆ ಮೂರು ದಿನ ಸುಮ್ನೆ ಬಿದ್ದುಕೊಂಡಿದ್ದೆ. ಆಗ ಜೊತೆಗಿದ್ದವರಿಗೆಲ್ಲ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ದಾಯಿತು. ಆದರೆ ಐದು ದಿನಗಳ ಕ್ರಿಸ್ಟಲೋಗ್ರಫಿ (ಹರಳಿನೊಳಗೆ ಪರಮಾಣುಗಳು ಹೇಗೆ ಕೂತಿವೆ ಅಂತ ಎಕ್ಸ್-ರೇಯಿಂದ ಕಂಡುಹಿಡಿಯುವ ವಿದ್ಯೆ) ತರಬೇತಿ ನಡೆಸಿದವರ ಋಣ ಫೋನಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಏನಾಗಿತ್ತು ಅಂತ ಹೇಳಿಬಿಡುತ್ತೇನೆ. ನಾಚಿಕೆಯಾಗುತ್ತದೆ, ಆದರೂ ಇರಲಿ.

ಎರಡು ವರ್ಷ ಒದ್ದಾಡಿ ಒಂದು ಹೊಸ ಸಂಯುಕ್ತ ಮಾಡಿದ್ದೆ. ಹರಳೂ ಬಂತು. ಅಳತೆ ಮುಗಿದ ಮೇಲೆ ಸಾಫ್ಟ್‌ವೇರ್ ಸ್ಪೇಸ್ ಗ್ರೂಪ್, ಅಂದರೆ ಹರಳಿನೊಳಗಿನ ಸಿಮೆಟ್ರಿಯ ಬಗೆ, ಸಿ-ಸಿ ಅಂದಿತು, ನಾನು ಹೂಂ ಅಂದೆ. ಬಟನ್ ಒತ್ತಿದೆ, ಅಣುವಿನ ಚಿತ್ರ ಬಂತು. ನೋಡಿದರೆ ಎಡಭಾಗದ ಒಂದು ಬಂಧದ ಉದ್ದ 1.33 ಆಂಗ್‌ಸ್ಟ್ರಾಮ್, ಬಲಭಾಗದಲ್ಲಿ ಅದಕ್ಕೆ ಜೋಡಿಯಾದ ಬಂಧ 1.46. ಎರಡೂ ಒಂದೇ ಇರಬೇಕಿತ್ತು. ಇಲ್ಲೇ ಅನುಮಾನ ಬರಬೇಕಿತ್ತು ಅಲ್ವಾ? ನನಗೆ ಬಂದದ್ದು ಖುಷಿ. ಏನೋ ಹೊಸದು ಸಿಕ್ಕಿತು ಅಂದುಕೊಂಡು ಇಡೀ ಪೇಪರನ್ನು ಆ ವ್ಯತ್ಯಾಸದ ಮೇಲೇ ಕಟ್ಟಿದೆ.

ಪರಿಶೀಲಕರ ಉತ್ತರ ನಾಲ್ಕೇ ಸಾಲು. ಅಣುವಿನ ಎರಡು ಅರ್ಧಗಳೂ ಒಂದೇ, ನಡುವೆ ಎರಡು-ಮಡಿ ಅಕ್ಷವಿದೆ (ಅದರ ಸುತ್ತ ಅರ್ಧ ಸುತ್ತು ತಿರುಗಿಸಿದರೆ ಒಂದರ್ಧ ಇನ್ನೊಂದರ ಜಾಗದಲ್ಲಿ ಕೂರುತ್ತದೆ), ಸರಿಯಾದ ಸ್ಪೇಸ್ ಗ್ರೂಪ್ ಸಿ-ಟೂ-ಬೈ-ಸಿ, ಬಂಧಗಳ ವ್ಯತ್ಯಾಸ ಬರೀ ಲೆಕ್ಕದ ಗೊಂದಲ. ಅಷ್ಟೇ. ನಿಜ ಹೇಳಬೇಕೆಂದರೆ ಆ ನಾಲ್ಕು ಸಾಲಿನಲ್ಲಿ ಎರಡು ನನಗೆ ಅರ್ಥವೇ ಆಗಿರಲಿಲ್ಲ. ಹೆಚ್ಚು ನೋವಾದದ್ದು ಅದಕ್ಕೆ. ತಪ್ಪು ಮಾಡಿದ್ದೇನೆ, ಆದರೆ ಏನು ತಪ್ಪು ಅಂತಲೂ ಗೊತ್ತಿಲ್ಲ.

ತರಬೇತಿಗೆ ಅರ್ಜಿ ಹಾಕಿದ್ದು ನಾನಲ್ಲ, ನನ್ನ ಲ್ಯಾಬ್‌ಮೇಟ್. ಆ ಅರ್ಜಿಗೂ, ನನ್ನನ್ನು ಎಬ್ಬಿಸಿ ಕಳಿಸಿದ್ದಕ್ಕೂ ಮೊದಲ ಥ್ಯಾಂಕ್ಸ್.

ಮೊದಲ ದಿನ ಕಂಪ್ಯೂಟರ್ ಮುಟ್ಟುವ ಹಾಗಿರಲಿಲ್ಲ. ಒಬ್ಬೊಬ್ಬರಿಗೂ ಒಂದು ವಿನ್ಯಾಸ ಬಿಡಿಸಿದ ಕಾಗದ, ಮೇಲೊಂದು ಪಾರದರ್ಶಕ ಹಾಳೆ, ಒಂದು ಪೆನ್ನು. ವಿನ್ಯಾಸವನ್ನು ಹಾಳೆಯ ಮೇಲೆ ತಿದ್ದಿಕೊಳ್ಳಬೇಕು. ಆಮೇಲೆ ಹಾಳೆಯನ್ನು ಸರಿಸಬೇಕು, ತಿರುಗಿಸಬೇಕು, ಮಗುಚಬೇಕು. ಯಾವ ಚಲನೆಯಾದ ಮೇಲೆ ವಿನ್ಯಾಸ ಮತ್ತೆ ತನ್ನ ಮೇಲೆ ತಾನೇ ಕೂರುತ್ತದೋ ಅದೇ ಸಿಮೆಟ್ರಿ. "ಕಳ್ಳ ಬಂದು ಹೋದ್ರೂ ಮನೆಯವರಿಗೆ ಗೊತ್ತಾಗಬಾರದು, ಹಾಗೆ" ಅಂದರು ಮೇಡಂ. ನನ್ನ ಹಾಳೆಯಲ್ಲಿ ಒಂದು ಜಾರು-ಕನ್ನಡಿ, ಅಂದರೆ ಗ್ಲೈಡ್, ಅಡಗಿತ್ತು. ಮಗುಚಿದರೆ ಕೂರುತ್ತಿಲ್ಲ. ಅರ್ಧ ಹೆಜ್ಜೆ ಸರಿಸಿದರೂ ಕೂರುತ್ತಿಲ್ಲ. ಎರಡನ್ನೂ ಒಟ್ಟಿಗೆ ಮಾಡಿದಾಗ ಟಕ್ ಅಂತ ಕೂತುಬಿಟ್ಟಿತು. ಅದಕ್ಕೆ ಮುಂಚೆ 'ಗ್ಲೈಡ್ ಪ್ಲೇನ್' ಅನ್ನುವ ಪದವನ್ನು ನನ್ನದೇ ಪೇಪರಿನಲ್ಲಿ ಬರೆದಿದ್ದೆ. ಅದು ಏನು ಅಂತ ನೋಡಿದ್ದು ಅವತ್ತೇ.

ಸಮತಲದಲ್ಲಿ ಇಂಥ ವಿನ್ಯಾಸಗಳು 17 ಬಗೆ ಮಾತ್ರ. ಮೂರು ಆಯಾಮಕ್ಕೆ ಬಂದರೆ 230, ಇವೇ ಸ್ಪೇಸ್ ಗ್ರೂಪ್‌ಗಳು. ಫ್ಯೊದೊರೊವ್ ಮತ್ತು ಶೋನ್‌ಫ್ಲೀಸ್ ಈ ಪಟ್ಟಿಯನ್ನು 1891ರ ಹೊತ್ತಿಗೇ ಬೇರೆ ಬೇರೆಯಾಗಿ ಮಾಡಿ ಮುಗಿಸಿದ್ದರು. ಎಕ್ಸ್-ರೇ ಪತ್ತೆಯಾದದ್ದು 1895ರಲ್ಲಿ, ಹರಳು ಅದನ್ನು ಚದುರಿಸುತ್ತದೆ ಅಂತ ಲಾವೆ ಮತ್ತು ಸಂಗಡಿಗರು ತೋರಿಸಿದ್ದು 1912ರಲ್ಲಿ. ಅಂದರೆ ಒಂದೇ ಒಂದು ಪರಮಾಣುವಿನ ಜಾಗವನ್ನೂ ಯಾರೂ ಅಳೆದಿರದ ಕಾಲದಲ್ಲಿ, ಅವು ಯಾವ ಯಾವ ರೀತಿ ಕೂರಬಹುದು ಅನ್ನುವ ಲೆಕ್ಕ ಸಿದ್ಧವಾಗಿತ್ತು. ಇದನ್ನು ಕೇಳಿ ಸ್ವಲ್ಪ ಹೊತ್ತು ನನಗೆ ಪಾಠದ ಮೇಲೆ ಗಮನವೇ ಇರಲಿಲ್ಲ.

ಎರಡನೇ ದಿನದ ಬ್ರ್ಯಾಗ್ ನಿಯಮ, ರೆಸಿಪ್ರೋಕಲ್ ಲ್ಯಾಟಿಸ್ ಇವನ್ನೆಲ್ಲ ಇಲ್ಲಿ ಎಳೆಯುವುದಿಲ್ಲ. ಒಂದು ಆಟ ಮಾತ್ರ ಹೇಳಲೇಬೇಕು. ನಮ್ಮನ್ನು ಎರಡು ಸಾಲು ಮಾಡಿ ನಿಲ್ಲಿಸಿದರು. ಮುಂದಿನ ಸಾಲು ಕೈ ಎತ್ತಿದಾಗ ಹಿಂದಿನ ಸಾಲು ಕೈ ಇಳಿಸಬೇಕು. ಮೇಲೆ ಕೆಳಗೆ ಕೂಡಿದರೆ ಸೊನ್ನೆ. ಹರಳಿನ ಒಳಗೆ ಅರ್ಧ ಹೆಜ್ಜೆ ಜರುಗಿ ಕೂತ ಅಣುಗಳು ಕೆಲವು ದಿಕ್ಕುಗಳಲ್ಲಿ ಹೀಗೆಯೇ ಒಂದರ ಅಲೆಯನ್ನು ಇನ್ನೊಂದು ಅಳಿಸಿಹಾಕುತ್ತವೆ. ಚದುರಿದ ಎಕ್ಸ್-ರೇ ಬೇರೆ ಕಡೆ ಚುಕ್ಕೆಯಾಗಿ ಬಿದ್ದರೂ ಆ ಜಾಗದಲ್ಲಿ ಚುಕ್ಕೆ ಬೀಳುವುದಿಲ್ಲ. ಹಾಗಾಗಿ ಹರಳು ಓದುವವರು ಇರುವ ಚುಕ್ಕೆಗಳಷ್ಟೇ ಜೋಪಾನವಾಗಿ ಇಲ್ಲದ ಚುಕ್ಕೆಗಳನ್ನೂ ಓದಬೇಕು.

ನನ್ನ ಗೋಳಿನ ಮೂಲ ಇಲ್ಲೇ ಇತ್ತು. ಸಿ-ಸಿ ಮತ್ತು ಸಿ-ಟೂ-ಬೈ-ಸಿ ಎರಡರಲ್ಲೂ ಕಾಣೆಯಾಗುವ ಚುಕ್ಕೆಗಳು ಒಂದೇ. ಅದನ್ನಷ್ಟೇ ನೋಡಿ ಇದು ಅಂತ ಹೇಳೋಕಾಗಲ್ಲ.

ನಾಲ್ಕನೇ ದಿನ ಸಂಜೆ ಧೈರ್ಯ ಮಾಡಿ ನನ್ನ ಹಳೇ ಫೈಲ್ ತೆಗೆದು ಸರ್ ಮುಂದೆ ಇಟ್ಟೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅವರು ಚಿತ್ರವನ್ನು ನೋಡಲೇ ಇಲ್ಲ. ಸೀದಾ ಔಟ್‌ಪುಟ್‌ನಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಚುಕ್ಕೆಗಳ ಪ್ರಖರತೆಯ ಹಂಚಿಕೆಯಿಂದ ಬರುವ ಒಂದು ಸಂಖ್ಯೆ ಅದು. ರಚನೆಗೆ ವಿಲೋಮ ಕೇಂದ್ರ (ಪ್ರತಿ ಪರಮಾಣುವಿಗೂ ನೇರ ಎದುರು ದಿಕ್ಕಿನಲ್ಲಿ, ಅಷ್ಟೇ ದೂರದಲ್ಲಿ ಜೋಡಿ ಇರುವಂಥ ಬಿಂದು) ಇದ್ದರೆ 0.968ರ ಸುತ್ತಮುತ್ತ ಇರಬೇಕು, ಇಲ್ಲದಿದ್ದರೆ 0.736. ನನ್ನದು 0.95. ಸಿ-ಸಿಗೆ ವಿಲೋಮ ಕೇಂದ್ರವಿಲ್ಲ, ಸಿ-ಟೂ-ಬೈ-ಸಿಗೆ ಇದೆ.

"ಅದು ಮೊದಲೇ ಹೇಳಿತ್ತಲ್ಲಪ್ಪಾ" ಅಂದರು.

ಹೌದು, ಮೊದಲೇ ಹೇಳಿತ್ತು. ಎರಡು ವರ್ಷದ ಕೆಲಸ, ಮೂರು ದಿನದ ಅಳು, ಎಲ್ಲದಕ್ಕೂ ಉತ್ತರ ನನ್ನದೇ ಫೈಲಿನಲ್ಲಿ ತಣ್ಣಗೆ ಕೂತಿತ್ತು. ಈ ಸಂಖ್ಯೆ ಒಂದೇ ಸಾಕ್ಷಿಯಲ್ಲ, ಕೆಲವೊಮ್ಮೆ ಅದೂ ದಾರಿ ತಪ್ಪಿಸುತ್ತದೆ ಅಂತ ಎಚ್ಚರಿಸಿ, ಪಕ್ಕದಲ್ಲೇ ಕೂತು ಇಡೀ ರಚನೆಯನ್ನು ಮತ್ತೆ ಮಾಡಿಸಿದರು. ಮೂಲಬಿಂದುವನ್ನು ಸ್ವಲ್ಪ ಸರಿಸಿ, ಅರ್ಧ ಅಣುವನ್ನು ಅಳಿಸಿ, ಉಳಿದರ್ಧವನ್ನು ಅಕ್ಷದ ಮೇಲೆ ಕೂರಿಸಿದೆವು. ಹೊಂದಿಸಬೇಕಾದ ಪ್ಯಾರಾಮೀಟರ್‌ಗಳು ಸುಮಾರು ಅರ್ಧಕ್ಕಿಳಿದವು, ಲೆಕ್ಕಕ್ಕೂ ಅಳತೆಗೂ ಎಷ್ಟು ಅಂತರ ಅಂತ ಹೇಳುವ ಆರ್-ಫ್ಯಾಕ್ಟರ್ ಹೆಚ್ಚೇನೂ ಕದಲಲಿಲ್ಲ. 1.33ನೂ ಇಲ್ಲ, 1.46ನೂ ಇಲ್ಲ. ಎರಡೂ ಬಂಧ ಸೇರಿ ಒಂದೇ ಆಗಿ, 1.39ಕ್ಕೆ ಬಂದು ನಿಂತಿತು. ನನ್ನ 'ಆವಿಷ್ಕಾರ' ಕಣ್ಣೆದುರೇ ಕರಗಿತು. ವಿಚಿತ್ರ ಅಂದರೆ ದುಃಖವಾಗಲಿಲ್ಲ.

ನನ್ನ ಮುಖ ನೋಡಿ ರಿಚರ್ಡ್ ಮಾರ್ಶ್ ಅವರ ಕಥೆ ಹೇಳಿದರು. ಕ್ಯಾಲ್‌ಟೆಕ್‌ನಲ್ಲಿದ್ದ ಮಾರ್ಶ್, ಬೇರೆಯವರು ಪ್ರಕಟಿಸಿದ ರಚನೆಗಳಲ್ಲಿ ಕೈಬಿಟ್ಟುಹೋದ ಸಿಮೆಟ್ರಿಯನ್ನು ವರ್ಷಗಟ್ಟಲೆ ಹುಡುಕಿ ತಿದ್ದುತ್ತಿದ್ದರು. ಅದರಲ್ಲಿ ಸಿ-ಸಿಯವೇ ಎಷ್ಟೋ. ಅವರ ಕೈಗೆ ಸಿಕ್ಕಿಬೀಳುವುದಕ್ಕೆ 'ಮಾರ್ಶ್ ಆಗೋದು' ಅಂತಲೇ ಹೆಸರು ಬಿದ್ದಿತ್ತು. ನಾನು ಆ ಉದ್ದನೆಯ ಕ್ಯೂನಲ್ಲಿ ಹೊಸಬ ಅಷ್ಟೇ ಅಂತ ಗೊತ್ತಾದಾಗ ಎಷ್ಟು ಹಗುರವಾಯಿತು ಅಂತೀರಿ!

ಹರಳು ಹಿಡಿಯುವುದನ್ನು ಕಲಿಸಿದ ಟೆಕ್ನಿಷಿಯನ್‌ಗೆ ಬೇರೆಯಾಗಿಯೇ ಹೇಳಬೇಕು. ಮೈಕ್ರೋಸ್ಕೋಪಿನ ಕೆಳಗೆ ಎಣ್ಣೆಯ ಹನಿ, ಅದರಲ್ಲಿ 0.2 ಮಿಲಿಮೀಟರಿನ ಹರಳು. ಅದನ್ನು ಕೂದಲೆಳೆಯಂಥ ನೈಲಾನ್ ಕುಣಿಕೆಯಲ್ಲಿ ಎತ್ತಬೇಕು, ಆರದ ಹಾಗೆ, ಮುರಿಯದ ಹಾಗೆ. ಎತ್ತಿದ ಕೂಡಲೇ ಮೈನಸ್ 173 ಡಿಗ್ರಿಯ ನೈಟ್ರೋಜನ್ ಗಾಳಿಗೆ ಒಡ್ಡಬೇಕು. ನಾನು ನಾಲ್ಕು ಹರಳು ಕಳೆದೆ. ಒಂದು ಎಲ್ಲಿಗೆ ಹಾರಿತೋ ದೇವರಿಗೇ ಗೊತ್ತು. ಅವರು ಏನೂ ಅನ್ನದೆ ನನ್ನ ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿಟ್ಟು, "ಕೈ ಗಾಳೀಲಿ ಇದ್ರೆ ನಡುಗುತ್ತೆ, ಮೇಜಿಗೆ ಕೊಟ್ಟುಬಿಡಿ" ಅಂದರು. ಐದನೆಯದು ಬಂತು. ಈಗಲೂ ಹಾಗೇ ಮಾಡುತ್ತೇನೆ. ಪೋಲರೈಸ್ ಮಾಡಿದ ಬೆಳಕಿನಲ್ಲಿ ಹರಳನ್ನು ತಿರುಗಿಸಿ, ಅದು ಒಂದೇ ಸಲಕ್ಕೆ ಪೂರ್ತಿ ಕಪ್ಪಾಗುತ್ತದಾ ಅಂತ ನೋಡುವುದನ್ನು ಕಲಿಸಿದವರೂ ಅವರೇ. ಒಂದು ಭಾಗ ಕಪ್ಪಾಗಿ ಇನ್ನೊಂದು ಹೊಳೆಯುತ್ತಿದ್ದರೆ ಅದು ಒಂದೇ ಹರಳಲ್ಲ, ಅಂಟಿಕೊಂಡ ಜೋಡಿ. ಇಷ್ಟು ಗೊತ್ತಿದ್ದಿದ್ದರೆ ನನ್ನ ಎಷ್ಟು ರಾತ್ರಿಗಳು ಉಳಿಯುತ್ತಿದ್ದವೋ.

ಬಿಡುವಿನಲ್ಲಿ ಯಾರೋ ಕ್ರಿಸ್ಟಲೋಗ್ರಫಿಯ ದೊಡ್ಡ ಹೆಸರಾದ ಡೊರೊಥಿ ಹಾಡ್ಜ್‌ಕಿನ್ ವಿಷಯ ಎತ್ತಿದರು. ಇನ್ಸುಲಿನ್ ಹರಳಿನ ಎಕ್ಸ್-ರೇ ಚಿತ್ರ ತೆಗೆದದ್ದು 1935ರ ಹೊತ್ತಿಗೆ, ರಚನೆ ಕೈಗೆ ಬಂದದ್ದು 1969ರಲ್ಲಿ. ನಡುವೆ ಪೆನಿಸಿಲಿನ್ ಆಯಿತು, ಬಿ12 ಆಯಿತು, 1964ರ ನೊಬೆಲ್ ಕೂಡ ಆಯಿತು. ಎರಡು ವರ್ಷ ಹೋಯಿತು ಅಂತ ಗೊಣಗುತ್ತಿದ್ದ ನಾನು ಬಾಯಿ ಮುಚ್ಚಿಕೊಂಡೆ.

ಆ ಪರಿಶೀಲಕರಿಗೂ ಥ್ಯಾಂಕ್ಸ್. ನೀವು ಯಾರೋ ಗೊತ್ತಿಲ್ಲ. ತಿಂಗಳುಗಟ್ಟಲೆ ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ, ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಹೊಸ ಪೇಪರಿನಲ್ಲಿ ದೊಡ್ಡ ಮಾತೇನೂ ಇಲ್ಲ. ಒಂದು ಸಂಯುಕ್ತ, ಅದರ ಸರಿಯಾದ ರಚನೆ, ಅಷ್ಟೇ. ಪುಟ ಮೊದಲಿನದಕ್ಕಿಂತ ಕಡಿಮೆ.

ಟೆಕ್ನಿಷಿಯನ್ ಅವರೇ, ಕೊನೆಯ ದಿನ ಗಡಿಬಿಡಿಯಲ್ಲಿ ನಿಮ್ಮ ಸಣ್ಣ ಸೂಜಿಯೊಂದು ನನ್ನ ಪೆನ್ ಡಬ್ಬಿಯಲ್ಲೇ ಬಂದುಬಿಟ್ಟಿದೆ. ಮುಂದಿನ ಬ್ಯಾಚಿಗೆ ಬೇಕಿದ್ದರೆ ಹೇಳಿ, ಕಳಿಸುತ್ತೇನೆ. ಬೇಡವೆಂದರೆ ನಾನೇ ಇಟ್ಟುಕೊಳ್ಳುತ್ತೇನೆ.