ತೇಲುವ ಮೀನು ಆಹಾರದ ಗುಣಮಟ್ಟದ ಬಗ್ಗೆ ದೂರು ಪತ್ರ

ಇಂದ:
ಸಿಂಧನೂರು ಭಾಗದ ಮೀನು ಸಾಕಾಣಿಕೆದಾರರು

ಗೆ:
ಗುಣಮಟ್ಟ ವಿಭಾಗದ ಮುಖ್ಯಸ್ಥರು,
ಮೀನು ಆಹಾರ ತಯಾರಿಕಾ ಕಂಪನಿ

ವಿಷಯ: ಬೇಸಿಗೆಯಲ್ಲಿ ಪೂರೈಸಿದ ಶೇ 28 ಪ್ರೋಟೀನಿನ ತೇಲುವ ಆಹಾರದಿಂದ ಮೀನುಗಳ ರೋಗನಿರೋಧಕ ಶಕ್ತಿ ಕುಗ್ಗಿರುವುದು, ಮಾದರಿ ಪರೀಕ್ಷೆ ಮತ್ತು ಪರಿಹಾರದ ಬೇಡಿಕೆ.

ಮಾನ್ಯರೇ,

ನಿಮ್ಮ ಕಂಪನಿಯ 2 ಮತ್ತು 3 ಮಿ.ಮೀ. ಗಾತ್ರದ ತೇಲುವ ಆಹಾರವನ್ನು ಪಂಗಾಸ್ ಮತ್ತು ರೋಹು ಕೊಳಗಳಿಗೆ ಹಾಕಿದವರೆಲ್ಲ ಸೇರಿ ಈ ದೂರು ಬರೆಯುತ್ತಿದ್ದೇವೆ. ಚೀಲದ ಮೇಲೆ ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ, ಒತ್ತಡ ತಡೆಯುತ್ತದೆ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಕೊಳದಲ್ಲಿ ಆಗಿದ್ದು ತದ್ವಿರುದ್ಧ. ನಿಮ್ಮ ಪ್ರತಿನಿಧಿ ದಂಡೆಯ ಮೇಲೆ ನಿಂತು ನೋಡಿ, ‘ಎಲ್ಲಾ ನೀರಿನ ತಪ್ಪು’ ಎಂದು ಬಾಯಿಮಾತಿನಲ್ಲಿ ಹೇಳಿ ಹೋದರು. ಅದನ್ನು ನಾವು ಒಪ್ಪುವುದಿಲ್ಲ.

ಮೊದಲು ಕಂಡದ್ದು ಮರಿಗಳಲ್ಲಿ. ಬೆನ್ನಿನ ರೆಕ್ಕೆಯ ಹಿಂದೆ ಬೆನ್ನುಮೂಳೆ ಪಕ್ಕಕ್ಕೆ ಡೊಂಕಾಗಿತ್ತು. ಕೆಲವು ಮರಿಗಳ ಕಿವಿರಿನ ಮುಚ್ಚಳ ಮೊಟಕಾಗಿ, ಒಳಗಿನ ಕೆಂಪು ಹೊರಗೇ ಕಾಣುತ್ತಿತ್ತು. ದೊಡ್ಡ ಮೀನುಗಳನ್ನು ಬಲೆ ಹಾಕಿ ಗಾತ್ರವಾರು ಬೇರ್ಪಡಿಸಿದ ಮೇಲೆ, ಹುರುಪೆ ಉದುರಿದ ಜಾಗ ವಾರ ಕಳೆದರೂ ಮಾಯಲಿಲ್ಲ. ಅಂಚು ಬೆಳ್ಳಗಾಗಿ, ನಡುವೆ ರಕ್ತ ಕಟ್ಟಿ, ಅಲ್ಲಿಂದಲೇ ಹುಣ್ಣು ಹರಡಿತು. ಸಾಯುವ ಹಂತದ ಮೀನುಗಳನ್ನು ಸೀಳಿ ನೋಡಿದಾಗ, ಕಂದುಗೆಂಪಾಗಿರಬೇಕಾದ ಪಿತ್ತಜನಕಾಂಗ ಮಾಸಲು ಹಳದಿಯಾಗಿ, ಬೆರಳು ತಾಗಿದರೆ ಪುಡಿಯಾಗುವಷ್ಟು ಮೆತ್ತಗಿತ್ತು. ಫೋಟೋ, ಬಿಲ್ಲು, ಬ್ಯಾಚ್ ಸಂಖ್ಯೆಗಳ ಪಟ್ಟಿ ಲಗತ್ತಿಸಿದ್ದೇವೆ.

ಬೆನ್ನು ಡೊಂಕಾಗಲು ಬೇರೆ ಕಾರಣಗಳೂ ಇವೆ. ಒಂದೇ ರಕ್ತಸಂಬಂಧದ ತಾಯಿಮೀನುಗಳಿಂದ ಪಡೆದ ಬಿತ್ತನೆಯಲ್ಲಿ ಹೀಗಾಗುತ್ತದೆ, ಭತ್ತದ ಗದ್ದೆಯ ಕೀಟನಾಶಕ ಹರಿದು ಬಂದರೂ ಆಗುತ್ತದೆ. ಆದರೆ ಅದೇ ಹ್ಯಾಚರಿಯ, ಅದೇ ದಿನದ ಬಿತ್ತನೆಯನ್ನು, ಅದೇ ಉಪಕಾಲುವೆಯ ನೀರಿನಲ್ಲಿ, ಬೇರೆ ಆಹಾರದ ಮೇಲೆ ಸಾಕಿದ ಪಕ್ಕದ ಕೊಳಗಳಲ್ಲಿ ಡೊಂಕು ಮರಿ ಕಂಡಿಲ್ಲ. ನೀರೇ ಕಾರಣವೆನ್ನುವವರು ಇದಕ್ಕೆ ಉತ್ತರಿಸಬೇಕು.

ನಮ್ಮ ಮುಖ್ಯ ಅನುಮಾನ ವಿಟಮಿನ್ ಸಿ ಮೇಲೆ. ದನ, ಕೋಳಿಗಳ ದೇಹ ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಾವು ಸಾಕುವ ಮೀನುಗಳಿಗೆ ಅದನ್ನು ತಯಾರಿಸುವ ಕಿಣ್ವವಿಲ್ಲ, ಆಹಾರದಲ್ಲಿ ಬಂದಷ್ಟೇ ಗತಿ. ಮೂಳೆ, ಚರ್ಮ, ರಕ್ತನಾಳಗಳನ್ನು ಹಿಡಿದಿಡುವ ಕೊಲಾಜನ್ ಗಟ್ಟಿಯಾಗಲು ವಿಟಮಿನ್ ಸಿ ಬೇಕೇ ಬೇಕು. ಕೊರತೆಯಾದಾಗ ಬೆನ್ನು ಡೊಂಕಾಗುವುದು, ಕಿವಿರಿನ ಮುಚ್ಚಳ ಬೆಳೆಯದಿರುವುದು, ಗಾಯ ಮಾಯದಿರುವುದು ಒಟ್ಟಿಗೇ ಕಾಣಿಸುವುದು ಇದಕ್ಕೇ. ಮೀನಿಗೆ ಮೂಳೆಮಜ್ಜೆಯಲ್ಲಿ ರಕ್ತಕಣ ಹುಟ್ಟುವುದಿಲ್ಲ. ಆ ಕೆಲಸ ಮೂತ್ರಪಿಂಡದ ಮುಂಭಾಗದ್ದು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಸ್ರವಿಸುವ ಜೀವಕೋಶಗಳಿರುವುದೂ ಅಲ್ಲಿಯೇ. ಒತ್ತಡ ಬಿದ್ದಾಗ ಅಲ್ಲಿ ಶೇಖರವಾದ ವಿಟಮಿನ್ ಸಿ ಕರಗುತ್ತದೆ. ಮರಿಗಳಲ್ಲಿ ಶೇಖರಣೆ ಕಡಿಮೆ, ಬೆಳವಣಿಗೆ ವೇಗ. ಹಾಗಾಗಿ ಏಟು ಮೊದಲು ಅವುಗಳಿಗೇ.

ನಿಮ್ಮ ಚೀಲದ ಮೇಲೆ ‘ವಿಟಮಿನ್ ಸಿ ಸೇರಿಸಿದೆ’ ಎಂದಷ್ಟೇ ಇದೆ. ಯಾವ ರೂಪದ್ದು? ಸಾದಾ ಆಸ್ಕಾರ್ಬಿಕ್ ಆಮ್ಲವನ್ನು ಹಿಟ್ಟಿಗೆ ಬೆರೆಸಿ, ಹಿಟ್ಟನ್ನು ಬಿಸಿಯಲ್ಲಿ ಒತ್ತಿ ಕಾಳು ಮಾಡುವ, 120 ಡಿಗ್ರಿಗೂ ಮೀರಿದ ಎಕ್ಸ್‌ಟ್ರೂಡರಿನಲ್ಲಿ ಹಾಯಿಸಿದರೆ ಬಹುಪಾಲು ಅಲ್ಲೇ ಹಾಳಾಗುತ್ತದೆ. ಉಳಿದದ್ದು ಗೋದಾಮಿನಲ್ಲಿ ವಾರದಿಂದ ವಾರಕ್ಕೆ ಇಳಿಯುತ್ತದೆ. ಫಾಸ್ಫೇಟ್ ಜೋಡಿಸಿದ ಸ್ಥಿರ ರೂಪ ಬಳಸಿದ್ದರೆ ಇಷ್ಟು ನಷ್ಟವಿಲ್ಲ, ಬೆಲೆ ಮಾತ್ರ ಹೆಚ್ಚು. ಹಿಟ್ಟಿಗೆ ಎಷ್ಟು ಸುರಿದಿರಿ ಎಂಬ ಲೆಕ್ಕ ನಮಗೆ ಬೇಡ. ತಯಾರಾಗಿ 60 ದಿನ ಕಳೆದ ಕಾಳಿನಲ್ಲಿ ಕಿಲೋಗೆ ಎಷ್ಟು ಮಿ.ಗ್ರಾಂ. ಉಳಿದಿದೆ ಎಂಬುದನ್ನು ಬರವಣಿಗೆಯಲ್ಲಿ ಕೊಡಿ.

ಎರಡನೆಯದು ಕೊಬ್ಬು. ಚೀಲ ಬಿಚ್ಚಿದೊಡನೆ ಹಳೆಯ ಬಣ್ಣದ ಡಬ್ಬಿಯ ವಾಸನೆ. ಕಾಳನ್ನು ಬೆರಳಲ್ಲಿ ಪುಡಿ ಮಾಡಿದರೆ ಜಿಡ್ಡಿನ ಕಮಟು ಕೈಗೆ ಅಂಟುತ್ತದೆ. ಅಕ್ಕಿ ತೌಡನ್ನು ಗಿರಣಿಯಿಂದ ಬಂದ ತಕ್ಷಣ ಕಾಯಿಸಿ ಸ್ಥಿರಗೊಳಿಸದಿದ್ದರೆ ಅದರ ಎಣ್ಣೆ ಕೆಲವೇ ದಿನಗಳಲ್ಲಿ ಹುಳಿಯುತ್ತದೆ. ಕಮಟು ಕೊಬ್ಬು ಮೀನಿನ ವಿಟಮಿನ್ ಇ ಸಂಗ್ರಹವನ್ನು ತಿಂದುಹಾಕಿ, ಪಿತ್ತಜನಕಾಂಗವನ್ನೂ ಬಿಳಿ ರಕ್ತಕಣಗಳ ಪೊರೆಯನ್ನೂ ಕೆಡಿಸುತ್ತದೆ. ಹೀಗಿರುವಾಗ ಕೊಬ್ಬು ಕೆಡಲು ತೊಡಗಿದ್ದನ್ನು ತೋರಿಸುವ ಪೆರಾಕ್ಸೈಡ್ ಮೌಲ್ಯವೊಂದನ್ನೇ ತೋರಿಸಿ ‘ಎಲ್ಲಾ ಸರಿಯಿದೆ’ ಎನ್ನಬೇಡಿ. ಕೊಬ್ಬು ಪೂರ್ತಿ ಕೆಟ್ಟ ಮೇಲೆ ಪೆರಾಕ್ಸೈಡ್‌ಗಳೇ ಒಡೆದು ಆ ಅಂಕಿ ಮತ್ತೆ ಇಳಿಯುತ್ತದೆ. ಜೊತೆಗೆ, ಹಾಗೆ ಒಡೆದು ಉಳಿದದ್ದನ್ನು ಅಳೆಯುವ ಅನಿಸಿಡಿನ್ ಮೌಲ್ಯ ಮತ್ತು ಮುಕ್ತ ಕೊಬ್ಬಿನ ಆಮ್ಲದ ಪ್ರಮಾಣ ಇರಲೇಬೇಕು. ಹಳದಿ ಲಿವರ್‌ಗೆ ಶಿಲೀಂಧ್ರದಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಕೂಡ ಕಾರಣವಾಗಬಹುದು. ಮೆಕ್ಕೆಜೋಳ, ಶೇಂಗಾ ಹಿಂಡಿ ಬಳಸುವ ಕಾರ್ಖಾನೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪುಡಿಯ ವಿಷಯವೂ ಸಣ್ಣದಲ್ಲ. ಜರಡಿ ಹಿಡಿದಾಗ 25 ಕಿಲೋ ಚೀಲಕ್ಕೆ ಒಂದು ಕಿಲೋಗೂ ಮೀರಿ ಪುಡಿ ಬಂದಿದೆ. ಮೀನು ಅದನ್ನು ತಿನ್ನುವುದಿಲ್ಲ. ಅದು ತಳದಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. 30 ಡಿಗ್ರಿ ನೀರಿನಲ್ಲಿ ಪಿಎಚ್ 8 ಇದ್ದಾಗ ಒಟ್ಟು ಅಮೋನಿಯಾದ ಶೇ 7ರಷ್ಟು ಮಾತ್ರ ವಿಷಕಾರಿ ರೂಪದಲ್ಲಿರುತ್ತದೆ. ಪಾಚಿ ಹೆಚ್ಚಿದ ಕೊಳದಲ್ಲಿ ಮಧ್ಯಾಹ್ನ ಪಿಎಚ್ 9ಕ್ಕೆ ಏರಿದರೆ ಅದು ಶೇ 45ರ ಹತ್ತಿರ ಹೋಗುತ್ತದೆ. ನೀರು ಕೆಟ್ಟಿತೆಂದು ದೂರುವಾಗ, ನೀರನ್ನು ಕೆಡಿಸಿದ ಪುಡಿ ಯಾರ ಚೀಲದಿಂದ ಬಂತು ಎಂಬುದನ್ನೂ ಹೇಳಬೇಕಲ್ಲವೇ?

ಬೇಸಿಗೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಬಂದ್ ಆಗುತ್ತದೆ, ಕೊಳದ ನೀರು ಇಳಿಯುತ್ತದೆ, ಬೆಳಗಿನ ಜಾವ ಕರಗಿದ ಆಮ್ಲಜನಕ ಲೀಟರಿಗೆ 3 ಮಿ.ಗ್ರಾಂ.ಗಿಂತ ಕೆಳಗೆ ಬರುವುದೂ ಉಂಟು. ಇದೆಲ್ಲ ಒತ್ತಡವೇ, ನಾವು ಅಲ್ಲಗಳೆಯುವುದಿಲ್ಲ. ಒತ್ತಡ ವಾರಗಟ್ಟಲೆ ಮುಂದುವರಿದರೆ ಕಾರ್ಟಿಸಾಲ್ ಇಳಿಯದೆ, ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳು ಕಡಿಮೆಯಾಗುತ್ತವೆ. ನೀರಿನಲ್ಲಿ ಸದಾ ಇರುವ ಏರೊಮೊನಾಸ್ ಬ್ಯಾಕ್ಟೀರಿಯಾ ಆಗ ಹುಣ್ಣು ಎಬ್ಬಿಸುತ್ತದೆ. ಅದಕ್ಕೆಂದೇ ಏರೇಟರ್ ಹಾಕಿದ್ದೇವೆ, ಮೋಡದ ದಿನ ಆಹಾರ ಅರ್ಧಕ್ಕಿಳಿಸುತ್ತೇವೆ, ಬಲೆ ಹಾಕುವ ಮುನ್ನ ಒಂದು ದಿನ ಮೀನನ್ನು ಉಪವಾಸ ಬಿಡುತ್ತೇವೆ. ‘ಒತ್ತಡ ತಡೆಯುತ್ತದೆ’ ಎಂದು ಬರೆದ ಆಹಾರವನ್ನು ನಾವು ಕೊಂಡದ್ದೂ ಈ ತಿಂಗಳುಗಳಿಗಾಗಿಯೇ.

ಇಂಥ ಹೊತ್ತಿನಲ್ಲಿ ನಿಮ್ಮ ಪ್ರತಿನಿಧಿ ಕೊಟ್ಟ ಸಲಹೆಗಳು ಇನ್ನೂ ಆತಂಕ ತಂದಿವೆ. ಮೀನು ಸೊರಗಿದೆ, ದಿನಕ್ಕೆ ಮೂರು ಹೊತ್ತು ಹಾಕಿ ಎಂದರು. ಆಮ್ಲಜನಕ ಕಡಿಮೆಯಿದ್ದಾಗ ಹೊಟ್ಟೆ ತುಂಬಿದ ಮೀನಿಗೆ ಜೀರ್ಣಕ್ಕೇ ಹೆಚ್ಚು ಆಮ್ಲಜನಕ ಬೇಕು, ಹಾಗೆ ಹಾಕಿದರೆ ಮೊದಲು ಸಾಯುವುದು ಅದೇ ಮೀನು. ನಿಮ್ಮದೇ ಬೀಟಾ ಗ್ಲುಕಾನ್ ‘ಬೂಸ್ಟರ್’ ಬೇರೆ ಕೊಂಡು ಎಣ್ಣೆಯಲ್ಲಿ ಲೇಪಿಸಿ ಎಂದರು. ಯೀಸ್ಟಿನ ಬೀಟಾ ಗ್ಲುಕಾನ್ ಮೀನಿನ ಬಿಳಿ ರಕ್ತಕಣಗಳನ್ನು ಚುರುಕುಗೊಳಿಸುವುದು ನಿಜ. ಆದರೆ ಅದನ್ನು ಬಲೆ, ಸಾಗಣೆಗೆ ಮುಂಚೆ ಕೆಲವು ವಾರ ಕೊಟ್ಟು ನಿಲ್ಲಿಸಬೇಕು. ತಿಂಗಳುಗಟ್ಟಲೆ ಕೊಟ್ಟರೆ ಪರಿಣಾಮ ಮಂಕಾಗುತ್ತದೆ, ಮತ್ತು ಅದು ವಿಟಮಿನ್ ಸಿ ಕೊರತೆಯನ್ನು ತುಂಬುವುದಿಲ್ಲ. ಎಲ್ಲಕ್ಕಿಂತ ಗಂಭೀರವಾದದ್ದು, ಲೇಬಲ್ ಇಲ್ಲದ ಹಳದಿ ಪುಡಿಯೊಂದನ್ನು ‘ಹುಣ್ಣಿಗೆ ಔಷಧ’ ಎಂದು ಕೊಟ್ಟದ್ದು. ಆ್ಯಂಟಿಬಯಾಟಿಕ್‌ಗಳಾದ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ಗಳನ್ನು ಮೀನು ಸಾಕಣೆಯಲ್ಲಿ ನಿಷೇಧಿಸಲಾಗಿದೆ. ಜನ ತಿನ್ನುವ ಮೀನಿಗೆ ಹೆಸರಿಲ್ಲದ ಪುಡಿಯನ್ನು ನಾವು ಹಾಕುವುದಿಲ್ಲ. ಅದರಲ್ಲಿ ಏನಿದೆ ಎಂದು ಲಿಖಿತವಾಗಿ ತಿಳಿಸಿ.

ಈಗ ಆಗಬೇಕಾದದ್ದು ಇದು. ನಿಮ್ಮ ಅಧಿಕಾರಿ ಬಂದು, ನಮ್ಮ ಸಮ್ಮುಖದಲ್ಲಿ ಮಾದರಿ ತೆಗೆಯಲಿ. ಶಿಲೀಂಧ್ರ ಚೀಲದ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಒಂದು ಹಿಡಿ ಕಾಳಿನ ಪರೀಕ್ಷೆ ನಡೆಯದು. ಪ್ರತಿ ಬ್ಯಾಚಿನ ಕನಿಷ್ಠ 10 ಚೀಲಗಳ ಮೇಲೆ, ನಡುವೆ, ತಳದಿಂದ ತೆಗೆದು, ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಡುತ್ತಾ ಹೋಗಿ, ಕೊನೆಗೆ ಉಳಿದದ್ದನ್ನು ಅರ್ಧ ಕಿಲೋದ ಮೂರು ಪೊಟ್ಟಣ ಮಾಡಿ ಮೊಹರು ಹಾಕಬೇಕು. ಒಂದು ನಿಮಗೆ, ಒಂದು ನಮಗೆ, ಒಂದು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ. ಬೆಳಕು, ಬಿಸಿ ತಾಗಿದರೆ ವಿಟಮಿನ್ ಸಿ ಇಳಿಯುವುದರಿಂದ ಪೊಟ್ಟಣಗಳು ಐಸ್ ಪೆಟ್ಟಿಗೆಯಲ್ಲೇ ಹೋಗಬೇಕು. ತೇವಾಂಶ, ಪ್ರೋಟೀನ್ ಜೊತೆಗೆ ಮೇಲೆ ಹೇಳಿದ ಕೊಬ್ಬಿನ ಮೂರು ಅಂಕಿ, ಅಫ್ಲಟಾಕ್ಸಿನ್ ಬಿ1, ಉಳಿದ ವಿಟಮಿನ್ ಸಿ ಪರೀಕ್ಷೆಯಾಗಲಿ. ಖರ್ಚು ನಿಮ್ಮದು. ನಿಮ್ಮ ವಿತರಕರ ತಗಡಿನ ಗೋದಾಮಿನಲ್ಲಿ ಚೀಲಗಳನ್ನು ನೆಲದ ಮೇಲೆಯೇ, ಗೋಡೆಗೆ ಒತ್ತಿ ಒಟ್ಟಿದ್ದಾರೆ. ಅದನ್ನೂ ಅಧಿಕಾರಿ ಕಣ್ಣಾರೆ ನೋಡಲಿ.

ಪರೀಕ್ಷೆ ಮುಗಿಯುವವರೆಗೆ ಆ ಬ್ಯಾಚುಗಳ ಮಾರಾಟ ನಿಲ್ಲಿಸಿ. ಉಳಿದ ಚೀಲಗಳನ್ನು ವಾಪಸ್ ಪಡೆದು ಹಣ ಹಿಂದಿರುಗಿಸಿ. ಒಂದು ಕಿಲೋ ಮೀನಿಗೆ 1.5 ಕಿಲೋ ಆಹಾರ ಸಾಕಾಗಬೇಕಾದಲ್ಲಿ 2.2 ಕಿಲೋ ಸುರಿದಿದ್ದೇವೆ. ಆ ಹೆಚ್ಚುವರಿ ಆಹಾರದ ಬೆಲೆಯನ್ನೂ, ಸತ್ತ ಮೀನಿನ ಬೆಲೆಯನ್ನೂ ಪಟ್ಟಿಯಲ್ಲಿ ರೈತವಾರು ಲೆಕ್ಕ ಹಾಕಿದ್ದೇವೆ. ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಪತ್ರದ ಪ್ರತಿಯನ್ನು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೂ ಕೊಟ್ಟಿದ್ದೇವೆ.

ಇತಿ,
ಸಿಂಧನೂರು ಭಾಗದ ಮೀನು ಸಾಕಾಣಿಕೆದಾರರು

ಲಗತ್ತು: ಬಿಲ್ಲುಗಳ ಪ್ರತಿ, ಬ್ಯಾಚ್ ಪಟ್ಟಿ, ಫೋಟೋಗಳು, ನೀರಿನ ಪರೀಕ್ಷೆಯ ದಾಖಲೆ, ರೈತವಾರು ನಷ್ಟದ ವಿವರ